ಪ್ರಾಸ್ಟೇಟ್ ವಿಕಿರಣ ಮತ್ತು ಗುದನಾಳ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗೆ ಸಂಬಂಧಿಸಿದ ಚಿಕಿತ್ಸಾ ಚರಿತ್ರೆ

ಪ್ರಾಸ್ಟೇಟ್ ಗ್ರಂಥಿ ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುತ್ತದೆ. ಅದರ ಬೆನ್ನಿಗೇ ಗುದನಾಳ. ಎರಡರ ನಡುವಿನ ಅಂತರ ಕೆಲವೇ ಮಿಲಿಮೀಟರ್. ಗ್ರಂಥಿಯ ಕ್ಯಾನ್ಸರಿಗೆಂದು ಬಿಟ್ಟ ವಿಕಿರಣದಲ್ಲಿ ಒಂದಿಷ್ಟು ಪಾಲು ಗುದನಾಳದ ಮುಂಗೋಡೆಗೆ ತಾಗಿಯೇ ತಾಗುತ್ತದೆ. ಈ ಚಿಕಿತ್ಸೆಯ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಬಹುಮಟ್ಟಿಗೆ ಈ ಸಣ್ಣ ಅಂತರವನ್ನು ನಿಭಾಯಿಸಿದ ಚರಿತ್ರೆ.

ಎಕ್ಸ್-ಕಿರಣ ಪತ್ತೆಯಾದದ್ದು 1895ರಲ್ಲಿ. ಎರಡೇ ವರ್ಷದಲ್ಲಿ, 1897ರಲ್ಲಿ, ಡೇವಿಡ್ ವಾಲ್ಶ್ ಎಂಬ ವೈದ್ಯರು ಕಿರಣದ ಯಂತ್ರದೊಡನೆ ದುಡಿಯುತ್ತಿದ್ದ ಒಬ್ಬರಿಗೆ ಹೊಟ್ಟೆನೋವು, ಭೇದಿ ಹತ್ತಿದ್ದನ್ನೂ ಸೀಸದ ತಗಡನ್ನು ಅಡ್ಡವಿಟ್ಟ ಮೇಲೆ ಅದು ನಿಂತದ್ದನ್ನೂ ವರದಿ ಮಾಡಿದರು. ಕರುಳಿಗೆ ವಿಕಿರಣ ತಡೆಯದು ಎಂಬುದು ಹೀಗೆ ಮೊದಲಲ್ಲೇ ಗೊತ್ತಾಗಿತ್ತು. 1910ರ ಹೊತ್ತಿಗೆ ಪ್ಯಾರಿಸ್ಸಿನ ವೈದ್ಯರು ಮೂತ್ರನಾಳದ ಮೂಲಕ ರೇಡಿಯಂ ತೂರಿಸಿ ಪ್ರಾಸ್ಟೇಟಿಗೆ ಚಿಕಿತ್ಸೆ ನೀಡತೊಡಗಿದ್ದರು. ಬಾಲ್ಟಿಮೋರಿನ ಹ್ಯೂ ಯಂಗ್ ಗುದನಾಳದ ಕಡೆಯಿಂದಲೂ ರೇಡಿಯಂ ಇಟ್ಟರು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರ ಬಂದಮೇಲೆ ದೇಹದ ಆಳಕ್ಕೆ ಹೊರಗಿನಿಂದಲೇ ಕಿರಣ ಮುಟ್ಟಿಸುವುದು ಸುಲಭವಾಯಿತು.

ಕರ್ನಾಟಕದಲ್ಲಿ ಸರ್ಕಾರಿ ಕ್ಯಾನ್ಸರ್ ಚಿಕಿತ್ಸೆಗೆ ನೆಲೆ ಸಿಕ್ಕಿದ್ದು 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಸ್ಥಾಪನೆಯೊಂದಿಗೆ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೋಗಿಗಳು ಅಂದಿನಿಂದಲೂ ಬೆಂಗಳೂರಿನ ದಾರಿ ಹಿಡಿದವರೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಕಿರಣ ಯಂತ್ರವಿಲ್ಲ. ಇಲ್ಲಿಯ ಜನ ವಿಕಿರಣವನ್ನು ಆ ಹೆಸರಿನಿಂದ ಕರೆಯುವುದು ಅಪರೂಪ. "ಕರೆಂಟ್ ಕೊಡಿಸಿಕೊಂಡು ಬಂದ" ಎನ್ನುತ್ತಾರೆ. ಆ ಬಳಿಕ ಬರುವ ಉರಿ, ಭೇದಿ, ರಕ್ತ ಎಲ್ಲವೂ ಮೈಗೆ ಹತ್ತಿದ "ಉಷ್ಣ"ದ ಲೆಕ್ಕಕ್ಕೆ ಸೇರುತ್ತವೆ.

ವೈದ್ಯಕೀಯವಾಗಿ ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದು ಚಿಕಿತ್ಸೆ ನಡೆಯುತ್ತಿರುವಾಗಲೇ, ಸಾಮಾನ್ಯವಾಗಿ ಎರಡು-ಮೂರು ವಾರ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಬೇಗಬೇಗ ಹುಟ್ಟುವ ಲೋಳೆಪೊರೆಯ ಕೋಶಗಳು ಸಾಯುವುದರಿಂದ ಪದೇ ಪದೇ ಬಯಲಿಗೆ ಹೋಗಬೇಕೆನಿಸುತ್ತದೆ, ತಿಣುಕಿದರೂ ಬರೀ ಲೋಳೆ ಬೀಳುತ್ತದೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇದು ಬಹುತೇಕ ಇಳಿಯುತ್ತದೆ. ಎರಡನೆಯದು ಬರುವುದು ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರ. ಗುದನಾಳದ ಗೋಡೆಯ ಸಣ್ಣ ರಕ್ತನಾಳಗಳ ಒಳಮೈ ದಪ್ಪವಾಗಿ ರಕ್ತದ ಹರಿವು ಕುಗ್ಗುತ್ತದೆ, ಗೋಡೆ ಬಿರುಸಾಗುತ್ತದೆ. ಮುಟ್ಟಿದರೆ ಒಡೆಯುವ ತೆಳು ನಾಳಗಳು ಮೇಲ್ಪದರದಲ್ಲಿ ಮೂಡುತ್ತವೆ. ಮಲದ ಮೇಲೆ ಕೆಂಪು ರಕ್ತ ಕಾಣುವುದು ಇವುಗಳಿಂದ.

ಹಳ್ಳಿಯಲ್ಲಿ ದೊಡ್ಡ ಎಡವಟ್ಟು ಆಗುವುದು ಈ ಎರಡನೆಯ ಹಂತದಲ್ಲಿ. ಕರೆಂಟು ಕೊಡಿಸಿ ಒಂದೂವರೆ ವರ್ಷವಾಗಿರುತ್ತದೆ, ಮನುಷ್ಯ ಹೊಲದ ಕೆಲಸಕ್ಕೆ ಮರಳಿರುತ್ತಾನೆ. ರಕ್ತ ಕಂಡಾಗ ಅವನಿಗೂ ಮನೆಯವರಿಗೂ ನೆನಪಾಗುವುದು ಮೂಲವ್ಯಾಧಿ. ಊರಿನ ಔಷಧಿ, ಪೇಟೆಯ ಪೈಲ್ಸ್ ಚಿಕಿತ್ಸೆ, ಇಂಜೆಕ್ಷನ್ ಎಂದು ಸುತ್ತಾಟ ಶುರುವಾಗುತ್ತದೆ. ವಿಕಿರಣ ತಾಗಿದ ಗೋಡೆಗೆ ಚುಚ್ಚಿದರೆ, ಕತ್ತರಿಸಿದರೆ ಗಾಯ ಸುಲಭವಾಗಿ ಮಾಯುವುದಿಲ್ಲ. ಮುಂಗೋಡೆಯಿಂದ ಪರೀಕ್ಷೆಗೆಂದು ಚೂರು ತೆಗೆದ ಜಾಗವೂ ಹುಣ್ಣಾಗಿ ಮೂತ್ರನಾಳದವರೆಗೆ ರಂಧ್ರ ಬಿದ್ದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿವೆ. ಹಾಗೆಂದು ಎಲ್ಲ ರಕ್ತವನ್ನೂ ವಿಕಿರಣದ ತಲೆಗೆ ಕಟ್ಟುವುದೂ ತಪ್ಪು. ದೊಡ್ಡ ಕರುಳಿನ ಕ್ಯಾನ್ಸರೂ ಹೀಗೇ ರಕ್ತ ತೋರಿಸುವುದರಿಂದ ಕೊಲೊನೋಸ್ಕೋಪಿ ಆಗಲೇಬೇಕು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ರಕ್ತ ಹೆಚ್ಚು ಹೋಗುತ್ತದೆ. ಆದರೆ ಅದನ್ನು ತಾವಾಗಿಯೇ ನಿಲ್ಲಿಸಬಾರದು.

ಈ ರೋಗದ ಶುಶ್ರೂಷೆಗೆ ಭಾರತದ ಕೊಡುಗೆ ದೊಡ್ಡದು. ಇಲ್ಲಿ ಕಿಬ್ಬೊಟ್ಟೆಗೆ ವಿಕಿರಣ ಪಡೆಯುತ್ತಿದ್ದವರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಹೆಂಗಸರೇ ಹೆಚ್ಚು. ಗುದನಾಳದ ಹಾನಿಯ ತಿಳುವಳಿಕೆ ಬೆಳೆದದ್ದು ಬಹುಪಾಲು ಅವರ ನೋವಿನಿಂದ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ರಾಕೇಶ್ ಕೊಛರ್ ಮತ್ತು ಸಂಗಡಿಗರು 37 ರೋಗಿಗಳ ಮೇಲೆ ನಡೆಸಿದ ಪ್ರಯೋಗ 1991ರಲ್ಲಿ ಪ್ರಕಟವಾಯಿತು. ಹೊಟ್ಟೆಹುಣ್ಣಿಗೆ ಕೊಡುವ ಅಗ್ಗದ ಸುಕ್ರಾಲ್ಫೇಟನ್ನು ಎನಿಮಾ ರೂಪದಲ್ಲಿ ದಿನಕ್ಕೆರಡು ಬಾರಿ ಕೊಟ್ಟಾಗ, ಅದು ಸಲ್ಫಾಸಲಜೀನ್ ಮತ್ತು ಸ್ಟಿರಾಯ್ಡ್ ಎನಿಮಾ ಜೋಡಿಗಿಂತ ಹೆಚ್ಚು ಗುಣ ಕೊಟ್ಟಿತು. ಈ ಔಷಧವನ್ನು ಮನೆಯಲ್ಲೇ ಕೊಡಬಹುದು. ಪಾವಗಡದ ಗಡಿಹಳ್ಳಿಯವರಿಗೆ ಈ ಗುಣವೇ ಎಲ್ಲಕ್ಕಿಂತ ಮುಖ್ಯ. ಇದಕ್ಕೂ ಬಗ್ಗದ ರಕ್ತಸ್ರಾವಕ್ಕೆ 1980ರ ದಶಕದಲ್ಲೇ ಫಾರ್ಮಾಲಿನ್ ಲೇಪನ ಬಂದಿತ್ತು. 1990ರ ದಶಕದಲ್ಲಿ ಆರ್ಗಾನ್ ಅನಿಲದ ಮೂಲಕ ನಾಳಗಳನ್ನು ಸುಟ್ಟು ಮುಚ್ಚುವ ಎಂಡೋಸ್ಕೋಪಿ ವಿಧಾನ ಬಂತು. ಒತ್ತಡದ ಆಮ್ಲಜನಕದ ಚಿಕಿತ್ಸೆ 2008ರ ಪ್ರಯೋಗದಲ್ಲಿ ಫಲ ತೋರಿತ್ತಾದರೂ 2016ರ ಬ್ರಿಟಿಷ್ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ.

ಭೇದಿಯೆಲ್ಲವೂ ಗುದನಾಳದಿಂದಲೇ ಬರುವುದಿಲ್ಲ ಎಂಬುದು ತಡವಾಗಿ ಖಚಿತವಾದ ಸಂಗತಿ. ಲಂಡನ್ನಿನ ಜೆರ್ವಾಸ್ ಆಂಡ್ರಿಯೆವ್ ತಂಡ 218 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೊಂದು ಲಕ್ಷಣಕ್ಕೂ ಕಾರಣವನ್ನು ಕ್ರಮವಾಗಿ ಹುಡುಕಿದವರಿಗೆ ಹೆಚ್ಚು ಉಪಶಮನ ಸಿಕ್ಕಿತು. ತರಬೇತಿ ಪಡೆದ ನರ್ಸ್ ಕೂಡ ಈ ಕೆಲಸವನ್ನು ವೈದ್ಯರಷ್ಟೇ ಚೆನ್ನಾಗಿ ಮಾಡಬಲ್ಲರೆಂದು ಅದು ತೋರಿಸಿತು. ತಜ್ಞರಿಲ್ಲದ ತಾಲ್ಲೂಕುಗಳಿಗೆ ಬೇಕಾದ ಅರಿವು ಇದು.

ಊಟದ ಪ್ರಶ್ನೆ ಈ ಸೀಮೆಯಲ್ಲಿ ರಾಗಿಮುದ್ದೆಯ ಪ್ರಶ್ನೆಯೇ. ನಾರು ಕರುಳಿಗೆ ಒರಟೆಂದು ಚಿಕಿತ್ಸೆಯ ದಿನಗಳಲ್ಲಿ ಮುದ್ದೆ, ಸೊಪ್ಪು, ಕಾಳು ಬಿಡಿಸುವುದು ಹಳೆಯ ವಾಡಿಕೆ. ಲಂಡನ್ನಿನಲ್ಲಿ ಸ್ತ್ರೀರೋಗ ಹಾಗೂ ಕೆಳಕರುಳಿನ ಕ್ಯಾನ್ಸರಿನ 166 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಈ ವಾಡಿಕೆಯನ್ನು ಅಲುಗಾಡಿಸಿತು. ಹೆಚ್ಚು ನಾರು ತಿಂದವರ ಕರುಳು ಒಂದು ವರ್ಷದ ಬಳಿಕ ಮೇಲಾಗಿತ್ತು. ಪ್ರಾಸ್ಟೇಟ್ ರೋಗಿಗಳು ಅದರಲ್ಲಿ ಇರಲಿಲ್ಲವಾದರೂ ಮುದ್ದೆಯನ್ನು ಜನ್ಮಕ್ಕೆ ಬಿಡಿಸಲು ಆಧಾರವಿಲ್ಲ. ಭೇದಿ ಜೋರಾಗಿರುವಾಗ ಹುರುಳಿ, ಅವರೆ, ಖಾರ ತಗ್ಗಿಸಿ ಗಂಜಿ, ಮೊಸರನ್ನ, ಉಪ್ಪು ಹಾಕಿದ ನೀರುಮಜ್ಜಿಗೆ ಸೇವಿಸುವುದು ಸರಿ. ಉಷ್ಣಕ್ಕೆಂದು ಮನೆಯಲ್ಲಿ ನೆನೆಹಾಕುವ ಕಾಮಕಸ್ತೂರಿ ಬೀಜ, ಮೆಂತ್ಯ ಇವು ಇಸಬ್ಗೋಲಿನಂತೆಯೇ ನೀರು ಹೀರಿ ಲೋಳೆಯಾಗುವ ನಾರುಗಳು. ಮಲ ಕಟ್ಟಿಕೊಳ್ಳಲು ನೆರವಾಗುವುದು ಈ ಗುಣದಿಂದ.

ಹಾನಿಯನ್ನು ಮೊದಲೇ ತಗ್ಗಿಸುವ ಯತ್ನ ಪ್ರಮಾಣ ಮತ್ತು ಗುರಿಯ ಕಡೆಯಿಂದ ನಡೆಯಿತು. 1990ರ ದಶಕದಿಂದ ಕಿರಣವನ್ನು ಗ್ರಂಥಿಯ ಆಕಾರಕ್ಕೆ ತಕ್ಕಂತೆ ಹೊಂದಿಸುವ ತಂತ್ರ ಬಂತು. ಗುದನಾಳದ ಎಷ್ಟು ಭಾಗಕ್ಕೆ ಎಷ್ಟು ಗ್ರೇ (ವಿಕಿರಣದ ಅಳತೆ) ಎಂಬ ಮಿತಿಗಳು 2010ರಲ್ಲಿ ಒಟ್ಟಾಗಿ ಪ್ರಕಟವಾದವು: 70 ಗ್ರೇ ಅಥವಾ ಹೆಚ್ಚು ತಾಗುವ ಭಾಗ ಶೇ. 20 ಮೀರಬಾರದು. ಪ್ರತಿದಿನವೂ ಗುದನಾಳ ಖಾಲಿ ಮಾಡಿ, ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಮೇಜಿನ ಮೇಲೆ ಮಲಗುವ ಕಟ್ಟಳೆ ಇದೇ ಕಾರಣಕ್ಕೆ. ನೀರಿನ ಬಾಟಲಿ ತೊಡೆಯ ಮೇಲಿಟ್ಟು, ತಡೆದುಕೊಂಡು ಸರದಿ ಕಾಯುವ ಆ ಅರ್ಧ ಗಂಟೆ ವಯಸ್ಸಾದವರಿಗೆ ಚಿಕಿತ್ಸೆಗಿಂತ ಕಷ್ಟದ ಹೊತ್ತು.

ಬ್ರಿಟನ್ನಿನ ಚಿಪ್ ಪ್ರಯೋಗ (2016) 37 ಸರದಿಯ (ಕಂತಿನ) 74 ಗ್ರೇಗೆ ಬದಲು 20 ಸರದಿಯ 60 ಗ್ರೇ ಸಾಕೆಂದು ತೋರಿಸಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ 224 ಗಂಡಸರ ಪ್ರಯೋಗದಲ್ಲಿ (2021) 25 ಸರದಿಗಳಲ್ಲಿ 68 ಗ್ರೇ ಕೊಡಲಾಯಿತು. ಏಳೂವರೆ ವಾರ ಬೆಂಗಳೂರಿನ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿಯಬೇಕಿದ್ದವರಿಗೆ ಇದು ನಾಲ್ಕೈದು ವಾರಕ್ಕೆ ಇಳಿದಂತಾಯಿತು. ಭೇದಿ ಹತ್ತಿದ ದೇಹದೊಂದಿಗೆ ಪಾವಗಡದ ಬಸ್ಸು ಹತ್ತಿ, ಶೌಚಾಲಯವಿಲ್ಲದೆ ಮಧುಗಿರಿ, ಕೊರಟಗೆರೆ ದಾಟುವ ಗಂಟೆಗಳೂ ಅಷ್ಟಷ್ಟು ಕಡಿಮೆಯಾದವು.

ಎಷ್ಟು ಗ್ರೇ, ಎಷ್ಟು ಸರದಿ, ಯಾವ ತಿಂಗಳು ಮುಗಿಯಿತು ಎಂಬ ವಿವರವಿರುವುದು ಬಿಡುಗಡೆ ಚೀಟಿಯಲ್ಲಿ. ಎರಡು ವರ್ಷದ ಬಳಿಕ ರಕ್ತ ಕಂಡಾಗ ಮಧುಗಿರಿಯಲ್ಲೋ ಶಿರಾದಲ್ಲೋ ವೈದ್ಯರು ಮೊದಲು ನೋಡಬೇಕಾದದ್ದು, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಆ ಹಾಳೆ.