ಅಟ್ಲಾಸ್–ಆಕ್ಸಿಸ್ ಕೀಲಿನ ಸ್ಥಿರೀಕರಣ ಮತ್ತು ಮೇಲ್ಗತ್ತಿನ ಚಲನೆ

ಕತ್ತಿನಲ್ಲಿ ಏಳು ಕಶೇರುಗಳಿದ್ದರೂ ತಲೆಯನ್ನು ಎಡಬಲಕ್ಕೆ ಹೊರಳಿಸುವ ಕೆಲಸದಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಒಂದೇ ಕೀಲಿನದು. ಮೊದಲ ಕಶೇರು ಅಟ್ಲಾಸ್ ಎರಡನೆಯದಾದ ಆಕ್ಸಿಸ್‌ನೊಡನೆ ಕೂಡುವ ಕೀಲು ಅದು. ಆರೋಗ್ಯವಂತ ವಯಸ್ಕರಲ್ಲಿ ಇದು ಒಂದೊಂದು ಬದಿಗೂ ಸುಮಾರು 40 ಡಿಗ್ರಿ ತಿರುಗುತ್ತದೆ. ಅದರ ಮೇಲೆ, ತಲೆಬುರುಡೆ ಅಟ್ಲಾಸ್ ಮೇಲೆ ಕೂರುವ ಕೀಲಿನಲ್ಲಿ ತಿರುಗುವಿಕೆ ತೀರ ಅಲ್ಪ. ತಲೆಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುವುದೇ ಅದರ ಮುಖ್ಯ ಕೆಲಸ. ಕೆಳಗಿನ ಕಶೇರುಗಳ ನಡುವೆ ಇರುವಂಥ ಡಿಸ್ಕ್ ಈ ಎರಡೂ ಕಡೆ ಇಲ್ಲ. ಕೀಲಿನ ಮುಖಗಳ ಆಕಾರ ಮತ್ತು ಅಸ್ಥಿರಜ್ಜುಗಳೇ ಇಲ್ಲಿನ ಹಿಡಿತ.

ಆಕ್ಸಿಸ್‌ನಿಂದ ಮೇಲೆದ್ದ ಡೆನ್ಸ್ ಎಂಬ ಮೂಳೆಯ ಚಾಚು ಬೀಸುಕಲ್ಲಿನ ನಡುಗೂಟದಂತೆ ನಿಂತಿರುತ್ತದೆ. ಅದನ್ನು ಸುತ್ತಿ ಅಟ್ಲಾಸ್ ತಿರುಗುತ್ತದೆ. ಹಿಂದಿನಿಂದ ಅಡ್ಡರಜ್ಜು ಈ ಚಾಚನ್ನು ಅಟ್ಲಾಸಿಗೆ ಒತ್ತಿ ಹಿಡಿದಿರುತ್ತದೆ. ಅಡ್ಡರಜ್ಜು ಹರಿದರೆ ಅಥವಾ ಚಾಚೇ ಮುರಿದರೆ ಅಟ್ಲಾಸ್ ಮುಂದಕ್ಕೆ ಜಾರಿ ಬೆನ್ನುಹುರಿಯನ್ನು ಅದುಮಬಹುದು. ಎಕ್ಸ್-ರೇಯಲ್ಲಿ ಅಟ್ಲಾಸ್‌ನ ಮುಂಗಮಾನು ಮತ್ತು ಡೆನ್ಸ್ ನಡುವಿನ ಅಂತರ ವಯಸ್ಕರಲ್ಲಿ 3 ಮಿ.ಮೀ. ಮೀರಿದರೆ, ಮಕ್ಕಳಲ್ಲಿ 5 ಮಿ.ಮೀ. ಮೀರಿದರೆ ಅನುಮಾನಿಸಬೇಕು. ಅಪಘಾತ, ರುಮಟಾಯ್ಡ್ ಸಂಧಿವಾತ, ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಬಂದ ಮೂಳೆಯ ವಿಕೃತಿ, ಇವು ಸಾಮಾನ್ಯ ಕಾರಣಗಳು.

ಇಂಥ ಕೀಲನ್ನು ಬಿಗಿದು ನಿಲ್ಲಿಸುವ ಯತ್ನಗಳ ಇತಿಹಾಸವನ್ನು ಸಾಮಾನ್ಯವಾಗಿ ಬಿಗಿತ ಹೆಚ್ಚುತ್ತ ಬಂದ ಕಥೆಯಾಗಿ ಹೇಳಲಾಗುತ್ತದೆ. ಯಾವ ದಿಕ್ಕಿನ ಚಲನೆಯನ್ನು ಯಾವ ಉಪಾಯ ತಡೆಯಿತು ಎಂದು ಕೇಳಿಕೊಂಡರೆ ಹೆಚ್ಚು ತಿಳಿಯುತ್ತದೆ. ಗ್ಯಾಲಿ 1939ರಲ್ಲಿ ವಿವರಿಸಿದ ತಂತಿಕಟ್ಟು ಎರಡು ಕಶೇರುಗಳನ್ನು ಹಿಂಬದಿಯಲ್ಲಿ, ನಡುಗೆರೆಯ ಮೇಲೆ ಬಿಗಿಯುತ್ತದೆ. ತಲೆ ಮುಂದಕ್ಕೆ ಬಾಗುವುದನ್ನು ಅದು ತಕ್ಕಮಟ್ಟಿಗೆ ತಡೆಯಿತು. ಆದರೆ ಈ ಕೀಲಿನ ಸ್ವಭಾವವೇ ತಿರುಗುವುದು, ಆ ತಿರುಗುವಿಕೆಯ ಮುಂದೆ ನಡುಗೆರೆಯ ತಂತಿ ದುರ್ಬಲ. ಬ್ರೂಕ್ಸ್ ಮತ್ತು ಜೆಂಕಿನ್ಸ್ (1978) ತಂತಿಯನ್ನು ಎರಡೂ ಪಕ್ಕಕ್ಕೆ ಸರಿಸಿದ್ದರಿಂದ ಸ್ಥಿತಿ ಸುಧಾರಿಸಿತು. ಆದರೂ ಮೂಳೆ ಬೆಸೆಯುವತನಕ ತಲೆಗೆ ಹೊರಗಿನ ಹ್ಯಾಲೋ ಚೌಕಟ್ಟು ಬೇಕೇ ಬೇಕಾಯಿತು.

ಮಾಗರ್ಲ್ 1987ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ಕ್ರೂ ಆಕ್ಸಿಸ್‌ನಿಂದ ಹೊರಟು ಕೀಲಿನ ಎರಡೂ ಮುಖಗಳನ್ನು ಹಾಯ್ದು ಅಟ್ಲಾಸನ್ನು ಹೊಗುತ್ತದೆ. ಹೊರಳುವ ಜಾಗದಲ್ಲೇ ಬಿದ್ದ ಬೀಗವಾದ್ದರಿಂದ ತಿರುಗುವಿಕೆಯೂ ಪಕ್ಕದ ಬಾಗುವಿಕೆಯೂ ಬಹುತೇಕ ನಿಲ್ಲುತ್ತವೆ. ಹಿಂಬದಿಯ ತಂತಿಯನ್ನೂ ಸೇರಿಸಿದರೆ ಹಿಂದೆ-ಮುಂದಿನ ಬಾಗುವಿಕೆಗೂ ತಡೆ ಬೀಳುತ್ತದೆ. ತೊಡಕು ಅಂಗರಚನೆಯದು: ಸುಮಾರು ಐವರಲ್ಲೊಬ್ಬರಿಗೆ ಕಶೇರು ಅಪಧಮನಿ ಒಂದು ಪಕ್ಕದಲ್ಲಾದರೂ ಎತ್ತರದಲ್ಲಿ ಹಾದಿರುವುದರಿಂದ ಆ ದಾರಿ ಅಪಾಯದ್ದು. ಮುಂಬೈಯ ಕೆಇಎಂ ಆಸ್ಪತ್ರೆಯ ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದ ಪ್ಲೇಟ್-ಸ್ಕ್ರೂ ವಿಧಾನ ಎರಡು ಕಶೇರುಗಳಿಗೂ ಬೇರೆಬೇರೆ ಸ್ಕ್ರೂ ಕೊಟ್ಟು ಈ ತೊಡಕನ್ನು ತಗ್ಗಿಸಿತು. ಕೀಲನ್ನು ಬಿಚ್ಚಿ, ಮುಖಗಳನ್ನು ಕೆರೆದು, ಒಳಗೆ ಮೂಳೆ ತುಂಬುವುದಕ್ಕೂ ಅವಕಾಶವಾಯಿತು. ಹಾರ್ಮ್ಸ್ ಮತ್ತು ಮೆಲ್ಚರ್ 2001ರಲ್ಲಿ ಇದೇ ತತ್ತ್ವವನ್ನು ಸರಳು ಮತ್ತು ತಿರುಗುತಲೆಯ ಸ್ಕ್ರೂಗಳ ಮೂಲಕ ಹೇಳಿದರು. ಜಗತ್ತಿನ ಅನೇಕ ಪಠ್ಯಗಳು ಹಾರ್ಮ್ಸ್ ಹೆಸರನ್ನಷ್ಟೇ ಹಿಡಿದುಕೊಂಡದ್ದು ನ್ಯಾಯವಲ್ಲ.

ಬೀಗ ಗಟ್ಟಿಯಾದಷ್ಟೂ ರೋಗಿಯ ನಷ್ಟವೂ ಖಚಿತ: ಒಟ್ಟು ಹೊರಳುವಿಕೆಯ ಅರ್ಧದಷ್ಟು ಹೋಗುತ್ತದೆ. ಕೆಳಗಿನ ಕೀಲುಗಳು ಸ್ವಲ್ಪ ಭಾಗವನ್ನು ತುಂಬಿಕೊಟ್ಟರೂ ಪೂರ್ತಿ ಅಲ್ಲ. ದ್ವಿಚಕ್ರ ವಾಹನ ಓಡಿಸುವಾಗ ಹಿಂದಕ್ಕೆ ನೋಡಲು ಭುಜವನ್ನೇ ತಿರುಗಿಸಬೇಕಾಗುತ್ತದೆ. ತಲೆಬುರುಡೆಯವರೆಗೂ ಬಿಗಿದರೆ ತಲೆಯಾಡಿಸುವ ಚಲನೆಯೂ ಹೋಗುತ್ತದೆ. ಅಲ್ಲಿ ತಲೆಯನ್ನು ಹೆಚ್ಚು ಮುಂದಕ್ಕೆ ಬಗ್ಗಿಸಿ ನಿಲ್ಲಿಸಿದರೆ ನುಂಗುವುದೂ ಕಷ್ಟ.

ಬಿಗಿತಕ್ಕಿಂತ ಕಡಿಮೆ ಚರ್ಚೆಯಾದದ್ದು ಬಿಗಿದ ಕೋನ. ಅಟ್ಲಾಸ್ ಮತ್ತು ಆಕ್ಸಿಸ್ ನಡುವೆ ಹಿಂಬಾಗು ಹೆಚ್ಚಾಗುವಂತೆ ಸೇರಿಸಿದರೆ, ದೃಷ್ಟಿಯನ್ನು ಸಮತಲಕ್ಕೆ ತರಲು ಕೆಳಗಿನ ಕತ್ತು ತನ್ನ ಸಹಜ ಹಿಂಬಾಗು ಕಳೆದುಕೊಂಡು ಮುಂದಕ್ಕೆ ಗೂನಾಗುತ್ತದೆ. ಜಪಾನಿನ ತಜ್ಞರ ದೀರ್ಘಾವಧಿಯ ಗಮನಿಕೆಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. 20 ಡಿಗ್ರಿ ಆಸುಪಾಸಿನ ಕೋನ ಸೂಕ್ತವೆಂಬ ಸಲಹೆಯೂ ಅಲ್ಲಿಂದಲೇ ಬಂದಿದೆ. ತಂತಿಯನ್ನು ಬಿಗಿಯಾಗಿ ಎಳೆದಷ್ಟೂ ಹಿಂಬದಿಯ ಕಮಾನುಗಳು ಹತ್ತಿರ ಬರುತ್ತವೆ, ಅಂದರೆ ಹಿಂಬಾಗು ಹೆಚ್ಚುತ್ತದೆ. ಶಸ್ತ್ರಕೊಠಡಿಯಲ್ಲಿ ಒಳ್ಳೆಯ ಬಿಗಿತವಾಗಿ ಕಂಡದ್ದು ವರ್ಷಗಳ ಮೇಲೆ ಕೆಳಗತ್ತಿನ ತೊಂದರೆಯಾಗಿ ಹೊರಬರಬಹುದು.

ಚಲನೆಯನ್ನು ಉಳಿಸುವ ದಾರಿಯೂ ಉಂಟು. ಡೆನ್ಸ್ ಬುಡದಲ್ಲಿ ಮುರಿದು ಅಡ್ಡರಜ್ಜು ಹರಿಯದೆ ಉಳಿದಿದ್ದರೆ, ಮುಂದಿನಿಂದ ಮುರಿದ ಚೂರಿಗೇ ಸ್ಕ್ರೂ ಹಾಕುವ ಬೋಲರ್ ವಿಧಾನದಲ್ಲಿ ಅಟ್ಲಾಸ್–ಆಕ್ಸಿಸ್ ಕೀಲಿಗೆ ಬೀಗವೇ ಬೀಳುವುದಿಲ್ಲ. ಮೂಳೆ ಸವೆದ ವೃದ್ಧರಲ್ಲಿ ಮಾತ್ರ ಸ್ಕ್ರೂವಿನ ಹಿಡಿತ ಸಾಲದು.

ಯಾವ ಉಪಾಯ ಎಷ್ಟು ಬಿಗಿ ಎಂಬ ಹೋಲಿಕೆಗಳಲ್ಲಿ ಬಹುಪಾಲು ಮೃತದೇಹದ ಕತ್ತುಗಳಿಗೆ, ಸಾಮಾನ್ಯವಾಗಿ 1.5 ನ್ಯೂಟನ್-ಮೀಟರ್‌ನಷ್ಟು ತಿರುಚುಬಲ ಹಾಕಿ ಅಳೆದದ್ದು. ಅಲ್ಲಿ ಸ್ನಾಯುಗಳ ಎಳೆತವಿಲ್ಲ, ಮೂಳೆ ಬೆಸೆಯುವುದೂ ಇಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ದಿನದ ಬಿಗಿತವಷ್ಟೇ ಸಿಗುತ್ತದೆ. ರೋಗಿ ಕಟ್ಟಕಡೆಗೆ ಎಷ್ಟು ಹೊರಳಬಲ್ಲ ಎಂಬುದನ್ನು ಆ ಅಂಕಿಗಳು ಹೇಳಲಾರವು. ನಮ್ಮ ಶಸ್ತ್ರಚಿಕಿತ್ಸಾ ವರದಿಗಳು ಬೆಸುಗೆಯಾಯಿತೇ ಎಂಬ ಒಂದು ಸಾಲಿಗೆ ನಿಲ್ಲದೆ, ಬಿಗಿದ ಕೋನವನ್ನೂ ವರ್ಷದ ಬಳಿಕ ಎಡಬಲಕ್ಕೆ ಉಳಿದ ಹೊರಳುವಿಕೆಯನ್ನೂ ಡಿಗ್ರಿಗಳಲ್ಲಿ ದಾಖಲಿಸಬೇಕು.