ಬೆಳಿಗ್ಗೆ ಒಂಬೈನೂರು, ಸಂಜೆ ಸಾವಿರ

ಬೀದಿಬದಿ ವ್ಯಾಪಾರಿಗಳಿಗೆ ನಗರಸಭೆ, ಪುರಸಭೆಗಳ ಮೂಲಕ ಸಿಗುವ ಸಾಲದ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ನಮ್ಮ ಕೋಲಾರದ ಕಡೆ ಸೊಪ್ಪು, ಹೂವು, ಟೊಮೆಟೊ ಮಾರುವವರಿಗೆ ಮೀಟರ್ ಬಡ್ಡಿ ಗೊತ್ತಿಲ್ಲದ್ದೇನಲ್ಲ. ಬೆಳಿಗ್ಗೆ 900 ರೂಪಾಯಿ ಕೈಗೆ, ಸಂಜೆ 1000 ವಾಪಸ್. ವರ್ಷಕ್ಕೆ ಶೇಕಡಾ ಎಷ್ಟಾಯಿತು ಅಂತ ಲೆಕ್ಕ ಹಾಕಲು ಹೋಗಿ ಕೈಬಿಟ್ಟೆ :)

ಸರ್ಕಾರ ಸುಮ್ಮನೆ ಕೂತಿತ್ತು ಅಂತಲ್ಲ. 1989ರಲ್ಲಿ ನೆಹರೂ ರೋಜ್‌ಗಾರ್ ಯೋಜನೆ ಬಂತು. 1997ರ ಡಿಸೆಂಬರ್ 1ರಿಂದ ಅದರ ಜಾಗಕ್ಕೆ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆ. 50,000 ರೂ. ವರೆಗಿನ ಸಣ್ಣ ಉದ್ಯೋಗಕ್ಕೆ 15% ಸಬ್ಸಿಡಿ, ಅದೂ 7,500 ಮೀರುವಂತಿಲ್ಲ. ಒಂಬತ್ತನೇ ಕ್ಲಾಸಿಗಿಂತ ಹೆಚ್ಚು ಓದಿದವರಿಗೆ ಇಲ್ಲ! ಪಟ್ಟಿ ಪುರಸಭೆಯದು, ದುಡ್ಡು ಬ್ಯಾಂಕಿನದು. ಅಂಗಡಿಯೇ ಇಲ್ಲದವಳನ್ನು ಬ್ಯಾಂಕು ಹೇಗೆ ನಂಬಬೇಕು?

ಆ ಖಾಲಿ ಜಾಗಕ್ಕೆ ಮೈಕ್ರೋಫೈನಾನ್ಸ್ ನುಗ್ಗಿತು. ಒಬ್ಬಳು ಕಟ್ಟದಿದ್ದರೆ ಗುಂಪೆಲ್ಲ ಕಟ್ಟಬೇಕು. 2009ರಲ್ಲಿ ಕೋಲಾರದ ಅಂಜುಮನ್ ಸಮಿತಿ "ಕಂತು ಕಟ್ಟಬೇಡಿ" ಅಂದಿತು, ರಾಮನಗರ, ಮೈಸೂರಲ್ಲೂ ಅದೇ ಆಯಿತು. ಮೈಕ್ರೋಫೈನಾನ್ಸ್ ಗಲಾಟೆ ಅಂದರೆ ಎಲ್ಲರೂ 2010ರ ಆಂಧ್ರ ಅಂತಾರೆ. ಅದಕ್ಕೂ ಒಂದು ವರ್ಷ ಮೊದಲೇ ನಮ್ಮಲ್ಲಿ ನಡೆದದ್ದನ್ನು ಯಾರೂ ನೆನೆಯುವುದಿಲ್ಲ.

ನನ್ನ ಪ್ರಕಾರ ನಿಜವಾದ ತಿರುವು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ವ್ಯಾಪಾರಿಗಳೇ ಇರಬೇಕು ಅಂದಿತು ಅದು. 2018ರಲ್ಲಿ ಕುಮಾರಸ್ವಾಮಿ ಸರ್ಕಾರದ 'ಬಡವರ ಬಂಧು' ಸಹಕಾರಿ ಬ್ಯಾಂಕುಗಳ ಮೂಲಕ 2,000ದಿಂದ 10,000ದವರೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿತು. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಹೊಡೆತದ ನಡುವೆ, ಪಿಎಂ ಸ್ವನಿಧಿ: ಮೊದಲು 10,000, ಸರಿಯಾಗಿ ಕಟ್ಟಿದರೆ 20,000, ಆಮೇಲೆ 50,000. ಅಡಮಾನ ಬೇಡ, 7% ಬಡ್ಡಿ ಸಬ್ಸಿಡಿ. 2025ರಲ್ಲಿ ಮೊದಲ ಕಂತನ್ನು 15,000, ಎರಡನೆಯದನ್ನು 25,000ಕ್ಕೆ ಏರಿಸಿ, 2030ರ ಮಾರ್ಚ್‌ವರೆಗೆ ಮುಂದುವರಿಸಿದರು.

ಇದರಲ್ಲಿ ನನಗೆ ಹಿಡಿಸಿದ್ದು ದುಡ್ಡಿಗಿಂತ ಕಾಗದ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರಿಗೆ ನಗರಸಭೆಯೇ ಶಿಫಾರಸು ಪತ್ರ ಕೊಡಬೇಕು. ಮುಳಬಾಗಿಲಿನ ದೋಸೆ ಗಾಡಿಯನ್ನು, ಮಾಲೂರಿನ ಸೊಪ್ಪಿನ ಬುಟ್ಟಿಯನ್ನು "ಎತ್ತು, ಎತ್ತು" ಅನ್ನುವ ಕಛೇರಿಯೇ ಈಗ "ಇವರು ನಮ್ಮೂರ ವ್ಯಾಪಾರಿ" ಅಂತ ಬರೆದುಕೊಡಬೇಕು... ತಮಾಷೆ ಅಲ್ವಾ?

ಒಂದು ತಕರಾರಿದೆ. ಶ್ರೀನಿವಾಸಪುರದಲ್ಲಿ ರಸ್ತೆಬದಿ ಮಾವು ಮಾರುವವರಿಗೆ ವ್ಯಾಪಾರ ಮೇ, ಜೂನ್, ಜುಲೈ. ಮೊದಲ ಸಾಲದ ಕಂತು ಮಾತ್ರ ತಿಂಗಳು ತಿಂಗಳು. ದೀಪಾವಳಿ ಹೊತ್ತಿಗೆ ಬುಟ್ಟಿ ಖಾಲಿ. ಆಗಿನ ಕಂತಿಗೆ ಮತ್ತೆ ಆ ಮೀಟರ್ ಬಡ್ಡಿಯವನ ಹತ್ತಿರವೇ ಹೋಗಬೇಕಾ?