ಟೆಂಡರ್ ಶ್ಯೂರ್ ರಸ್ತೆಗಳು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಪಾದಚಾರಿಗಳಿಗೆ ಆದ್ಯತೆ ಕೊಟ್ಟು ಮರುರೂಪಿಸಿದ ರಸ್ತೆಗಳು. ಜನಾ ಅರ್ಬನ್ ಸ್ಪೇಸ್ ಸಂಸ್ಥೆಯ ಮಾರ್ಗಸೂಚಿಯಂತೆ ರೆಸಿಡೆನ್ಸಿ, ಸೇಂಟ್ ಮಾರ್ಕ್ಸ್, ಮ್ಯೂಸಿಯಂ, ಕನ್ನಿಂಗ್‌ಹ್ಯಾಂ ಮೊದಲಾದ ರಸ್ತೆಗಳು 2015ರ ಆಸುಪಾಸಿನಲ್ಲಿ ಹೊಸ ರೂಪ ಪಡೆದವು.

ವಿನ್ಯಾಸದ ಜೀವಾಳವಿರುವುದು ನೆಲದಡಿ. ನೀರು, ಒಳಚರಂಡಿ, ವಿದ್ಯುತ್, ದೂರಸಂಪರ್ಕಗಳ ಕೊಳವೆ ಮತ್ತು ತಂತಿಗಳನ್ನು ಪಾದಚಾರಿ ಮಾರ್ಗದ ಕೆಳಗೆ ಹಾಕಿ, ಅಲ್ಲಲ್ಲಿ ತೆರೆಯಬಲ್ಲ ಗುಂಡಿಗಳನ್ನು ಬಿಡಲಾಗುತ್ತದೆ. ಹೀಗಾಗಿ ದುರಸ್ತಿಗೆಂದು ಡಾಂಬರು ಅಗೆಯಬೇಕಿಲ್ಲ. ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತಿದ್ದ ವಾಹನಪಥಕ್ಕೆ ಉದ್ದಕ್ಕೂ ಒಂದೇ ಅಗಲ; ಮಿಕ್ಕ ಜಾಗ ನಡೆಯುವವರಿಗೆ, ಮರಗಳಿಗೆ, ವಾಹನ ನಿಲುಗಡೆಗೆ. ದುಬಾರಿ ಎಂಬ ಟೀಕೆ ಮೊದಲಿನಿಂದಲೂ ಇದೆ. ಅಗಲವಾದ ಕಾಲುದಾರಿಗೆ ಸ್ಕೂಟರ್‌ಗಳು ನುಗ್ಗಿದ್ದರಿಂದ ಅಡ್ಡಗಂಬಗಳೂ ಬೇಕಾದವು.

ಕಲ್ಲುಹಾಸಿನ ಚರ್ಚ್ ಸ್ಟ್ರೀಟ್ (2018) ಇದೇ ಧಾಟಿಯದು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಅಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿರಲಿಲ್ಲ.

ಸೈಕಲ್ ಸವಾರರಿಗೆ ದಕ್ಕಿದ್ದು ಕಡಿಮೆ. 2020ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಾಗುವ ಕಂಬಗಳನ್ನು ನೆಟ್ಟು ಗುರುತಿಸಿದ ತಾತ್ಕಾಲಿಕ ಪಥ, ಮೆಟ್ರೊ ಕಾಮಗಾರಿ ಶುರುವಾದಾಗ ಜಾಗ ಕಳೆದುಕೊಂಡಿತು.